ಮೊಣಕಾಲು ನೋವು: ಕರೆಂಟ್ ಎಲ್ಲಿಗೆ ಹಚ್ಚಬೇಕು, ಯಾವಾಗ ಬಿಡಬೇಕು

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಮೊಣಕಾಲಿನ ಪತ್ರಗಳು ಹೆಚ್ಚುತ್ತವೆ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದವುಗಳಲ್ಲಿ ಬಹುಪಾಲು ಪ್ರಶ್ನೆಗಳು ಕರೆಂಟ್ ಚಿಕಿತ್ಸೆಯ ಸುತ್ತಲೇ ಇವೆ. ಆರಿಸಿದ ಕೆಲವಕ್ಕೆ ನಮ್ಮ ಫಿಜಿಯೋಥೆರಪಿ ಬಳಗದ ಉತ್ತರ ಇಲ್ಲಿದೆ.

ಪ್ರಶ್ನೆ: ನಮ್ಮ ಅವ್ವಗ 62 ವರ್ಷ. ಎರಡೂ ಮೊಣಕಾಲು ಸವದಾವ ಅಂತ ಎಕ್ಸ್‌ರೇದಾಗ ಬಂದದ. ಕ್ಲಿನಿಕ್‌ನ್ಯಾಗ ಹತ್ತು ದಿನ ಕರೆಂಟ್ ಹಚ್ಚಿದ್ರು. ಹಚ್ಚಿದ ದಿನ ಹಗುರ ಅನಸ್ತದ, ಎರಡು ದಿನ ಬಿಟ್ರ ಮತ್ತ ಅದೇ ನೋವು. ಇನ್ನೊಂದು ಹತ್ತು ದಿನ ಹಚ್ಚಿಸಬೇಕೇನ್ರಿ?
— ಆಳಂದ ತಾಲ್ಲೂಕಿನ ಓದುಗರು

ಉತ್ತರ: ಅದೇ ಕರೆಂಟನ್ನು ಇನ್ನೂ ಹತ್ತು ದಿನ ಹಚ್ಚಿಸಿದರೆ ಹೆಚ್ಚೂಕಡಿಮೆ ಇದೇ ಫಲ. ಮೊಣಕಾಲಿನ ಸುತ್ತ ನಾಲ್ಕು ಪ್ಯಾಡ್ ಇಟ್ಟು, ಜುಮುಜುಮು ಎನ್ನುವಷ್ಟು ಕರೆಂಟ್ ಬಿಟ್ಟು, ಹದಿನೈದು ನಿಮಿಷ ಮಲಗಿಸಿದ್ದರೆ ಅದು ಐಎಫ್‌ಟಿ. ಮನೆಯಲ್ಲಿ ಬಳಸುವ ಚಿಕ್ಕ ಟೆನ್ಸ್ ಯಂತ್ರವೂ ಆ ಜಾತಿಯದೇ. ಇವು ಚರ್ಮದ ಸ್ಪರ್ಶ ನರಗಳನ್ನು ಕೆಣಕಿ, ನೋವಿನ ಸುದ್ದಿ ಮಿದುಳಿಗೆ ಏರದಂತೆ ತುಸು ಹೊತ್ತು ಅಡ್ಡ ನಿಲ್ಲುತ್ತವೆ. ಅಷ್ಟು ಹೊತ್ತೂ ಸ್ನಾಯು ಸುಮ್ಮನೆ ಮಲಗಿರುತ್ತದೆ.

ಸ್ನಾಯುವನ್ನೇ ಬಿಗಿಸಿ ಸಡಿಲಿಸುವ ಕರೆಂಟ್ ಬೇರೆ. ಅದಕ್ಕೆ ಎನ್‌ಎಮ್‌ಇಎಸ್ ಎನ್ನುತ್ತಾರೆ, ಅಂಗಡಿಯಲ್ಲಿ ಇಎಮ್‌ಎಸ್ ಎಂದರೆ ಸಾಕು. ಅದನ್ನು ಹಚ್ಚುವ ಜಾಗ ಮೊಣಕಾಲಲ್ಲ, ತೊಡೆಯ ಮುಂಭಾಗ. ಅಲ್ಲಿ ನಾಲ್ಕು ಕವಲಿನ ಒಂದು ದೊಡ್ಡ ಸ್ನಾಯು ಇದೆ, ಕ್ವಾಡ್ರಿಸೆಪ್ಸ್. ಕಾಲನ್ನು ನೆಟ್ಟಗೆ ಮಾಡುವುದು ಅದೇ, ಮೆಟ್ಟಿಲಿಳಿಯುವಾಗ ಬ್ರೇಕ್ ಹಿಡಿಯುವುದೂ ಅದೇ. ಬ್ರೇಕ್ ಸಡಿಲಾದರೆ ಪ್ರತಿ ಹೆಜ್ಜೆಯ ಹೊಡೆತ ನೇರವಾಗಿ ಕೀಲಿಗೆ ಬೀಳುತ್ತದೆ.

ಕೀಲಿನಲ್ಲಿ ನೋವು ಅಥವಾ ನೀರು ಇದ್ದಾಗ ಬೆನ್ನುಹುರಿ ಈ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಾನಾಗಿಯೇ ತಗ್ಗಿಸಿಬಿಡುತ್ತದೆ. ಮನುಷ್ಯ ಎಷ್ಟೇ ಮನಸ್ಸು ಮಾಡಿದರೂ ತೊಡೆ ಪೂರ್ತಿ ಬಿಗಿಯುವುದಿಲ್ಲ. ಬಿಗಿಯದ ಸ್ನಾಯು ಬಡವಾಗುತ್ತದೆ, ಬಡವಾದಷ್ಟೂ ಕೀಲಿನ ಮೇಲೆ ಭಾರ, ಭಾರ ಹೆಚ್ಚಿದಷ್ಟೂ ನೋವು. ಹೊರಗಿನಿಂದ ನರಕ್ಕೆ ಕೊಡುವ ಕರೆಂಟ್ ಈ ತಡೆಯನ್ನು ಸುತ್ತುಹಾಕಿ ಹೋಗಿ ಸ್ನಾಯುವನ್ನು ಮುಟ್ಟುತ್ತದೆ. ಅದರ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ನಿಮ್ಮ ತಾಯಿಯವರಿಗೆ ಇದು ಬೇಕೋ ಬೇಡವೋ ಮನೆಯಲ್ಲೇ ನೋಡಬಹುದು. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಕೆಳಕ್ಕೆ ಒತ್ತಲು ಹೇಳಿ. ಸ್ನಾಯು ಎಚ್ಚರವಾಗಿದ್ದರೆ ಮೊಣಕಾಲ ಚಿಪ್ಪು ಸೊಂಟದ ಕಡೆ ಒಂದಿಷ್ಟು ಜಾರುವುದು ಕಣ್ಣಿಗೆ ಕಾಣುತ್ತದೆ. ತೊಡೆಯ ಒಳಬದಿ, ಚಿಪ್ಪಿನ ತುಸು ಮೇಲೆ ಗಟ್ಟಿ ಉಂಡೆಯೊಂದು ಎದ್ದು ನಿಲ್ಲುತ್ತದೆ. ಚಿಪ್ಪು ಅಲುಗದೆ, ಆ ಜಾಗ ಮೆತ್ತಗೇ ಉಳಿದರೆ ಅಂಥವರಿಗೆ ಸ್ನಾಯುವಿನ ಕರೆಂಟ್ ಕೆಲಸಕ್ಕೆ ಬರುತ್ತದೆ. ಚಿಪ್ಪು ಚೆನ್ನಾಗಿ ಏರುತ್ತಿದ್ದರೆ ಯಂತ್ರಕ್ಕೆ ದುಡ್ಡು ಹಾಕಬೇಡಿ, ನೇರ ವ್ಯಾಯಾಮಕ್ಕೆ ಇಳಿಸಿ.

ಪ್ರಶ್ನೆ: ಬ್ಯಾಟರಿ ಮೇಲೆ ನಡೆಯುವ ಯಂತ್ರ ತಂದಿದ್ದೇವೆ. ಟೆನ್ಸ್, ಇಎಮ್‌ಎಸ್ ಎರಡೂ ಇದೆ. ಅದರಲ್ಲಿರುವ ಅಂಕಿಗಳು ಒಂದೂ ಅರ್ಥವಾಗುವುದಿಲ್ಲ. ಪ್ಯಾಡ್ ಎಲ್ಲಿ ಅಂಟಿಸಬೇಕು, ಎಷ್ಟಕ್ಕೆ ಇಡಬೇಕು?
— ನಿವೃತ್ತ ಶಿಕ್ಷಕರು, ಭಾಲ್ಕಿ

ಉತ್ತರ: ಇಎಮ್‌ಎಸ್‌ಗೆ ತಿರುಗಿಸಿ. ಅಲ್ಲಿ ಐದು ಅಂಕಿಗಳು ಮುಖ್ಯ, ಗುರುಗಳೇ.

ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕರೆಂಟ್ ಮಿಡಿಯುತ್ತದೆ ಎಂಬುದು, 50 ಹರ್ಟ್ಸ್ ಇರಲಿ. 20ಕ್ಕಿಂತ ಕೆಳಗಾದರೆ ಸ್ನಾಯು ಪಟಪಟ ಅದುರುತ್ತದೆಯೇ ಹೊರತು ಬಿಗಿದು ನಿಲ್ಲುವುದಿಲ್ಲ. 35ರಿಂದ 50ರ ನಡುವೆ ಬಿಗಿತ ಒಂದೇ ಸಮ ಬರುತ್ತದೆ. ಅದಕ್ಕೂ ಮೇಲೆ ಹೋದರೆ ಬೇಗ ದಣಿಯುತ್ತದೆ.

ಪಲ್ಸ್ ಅಗಲ, ಅಂದರೆ ಒಂದೊಂದು ಮಿಡಿತ ಎಷ್ಟು ಹೊತ್ತು ಇರುತ್ತದೆ ಎಂಬುದು, 300 ಮೈಕ್ರೋಸೆಕೆಂಡ್, ಯಂತ್ರದಲ್ಲಿ ಇದ್ದರೆ 400. ಹೆಚ್ಚು ಜನ ಎಡವುವುದು ಇಲ್ಲೇ. 50, 100ಕ್ಕೆ ಇಟ್ಟರೆ ಚರ್ಮದ ನರಗಳಷ್ಟೇ ಎಚ್ಚರಗೊಂಡು ಚುಚ್ಚುತ್ತದೆ, ಆಳದಲ್ಲಿರುವ, ಸ್ನಾಯುವನ್ನು ಆಡಿಸುವ ಚಾಲಕ ನರಕ್ಕೆ ಮುಟ್ಟುವುದಿಲ್ಲ. "ಎಷ್ಟು ಏರಿಸಿದರೂ ಉರಿಯುತ್ತದೆ, ತೊಡೆ ಅಲುಗುವುದಿಲ್ಲ" ಎನ್ನುವವರು ಮೊದಲು ಈ ಅಂಕಿ ನೋಡಲಿ.

ಬಿಗಿಯುವ ಹೊತ್ತು 10 ಸೆಕೆಂಡ್, ಬಿಡುವು 50 ಸೆಕೆಂಡ್. ಬಿಡುವು ಯಾಕಿಷ್ಟು ಎಂದರೆ, ಕರೆಂಟ್ ಪ್ರತಿ ಸಲವೂ ಪ್ಯಾಡಿನ ಕೆಳಗಿನ ಅವೇ ನಾರುಗಳನ್ನು ಎಬ್ಬಿಸುತ್ತದೆ. ನಾವಾಗಿ ಬಿಗಿದಾಗ ನಾರುಗಳು ಪಾಳಿ ಹಚ್ಚಿ ದುಡಿಯುತ್ತವೆ, ಕರೆಂಟಿಗೆ ಆ ಪಾಳಿ ಗೊತ್ತಿಲ್ಲ. ಬಿಡುವು ಕಡಿಮೆಯಾದರೆ ಐದಾರನೆಯ ಬಿಗಿತಕ್ಕೇ ತೊಡೆ ಸೋಲುತ್ತದೆ. ರ‍್ಯಾಂಪ್, ಅಂದರೆ ಕರೆಂಟ್ ಮೆಲ್ಲಗೆ ಏರುವ ಹೊತ್ತು, 2 ಸೆಕೆಂಡ್ ಇರಲಿ. ಸೊನ್ನೆಗೆ ಇಟ್ಟರೆ ಗಕ್ಕನೆ ಹೊಡೆದ ಹಾಗಾಗಿ ಹಿರಿಯರು ಹೆದರಿ ಮತ್ತೆ ಯಂತ್ರದ ಹತ್ತಿರ ಸುಳಿಯುವುದಿಲ್ಲ. ಹೀಗೆ 12ರಿಂದ 15 ಬಿಗಿತ ಸಾಕು, ಒಂದು ಕಾಲಿಗೆ ಕಾಲು ಗಂಟೆ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ.

ಈಗ ಪ್ಯಾಡ್. ತೊಡೆಗೆ 5×9 ಸೆಂಟಿಮೀಟರಿನ ಆಯತಾಕಾರದ ದೊಡ್ಡ ಪ್ಯಾಡ್ ಕೊಳ್ಳಿ. ಯಂತ್ರದ ಜೊತೆ ಕೊಡುವ ಚಿಕ್ಕ ಗುಂಡು ಪ್ಯಾಡಿನಲ್ಲಿ ಅಷ್ಟೂ ಕರೆಂಟ್ ಅಂಗೈ ಅರ್ಧದಷ್ಟು ಜಾಗಕ್ಕೆ ಒತ್ತಿ ನುಗ್ಗಿ ಚುಚ್ಚುತ್ತದೆ. ಒಂದು ಪ್ಯಾಡನ್ನು ತೊಡೆಸಂದಿಯ ಮಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಮುಂಭಾಗದಲ್ಲಿ ತುಸು ಹೊರಬದಿಗೆ ಅಂಟಿಸಿ. ಇನ್ನೊಂದನ್ನು ಮೊಣಕಾಲ ಚಿಪ್ಪಿನ ಮೇಲಂಚಿನಿಂದ ಮೂರು ನಾಲ್ಕು ಬೆರಳು ಮೇಲೆ, ಒಳಬದಿಯ ಉಂಡೆಯ ಮೇಲೆ ಓರೆಯಾಗಿ. ಕೆಳಗಿನ ಪ್ಯಾಡ್ ಬಹಳ ಒಳಕ್ಕೆ ಸರಿದರೆ ತೊಡೆಗಳೆರಡನ್ನೂ ಕೂಡಿಸುವ ಒಳಸ್ನಾಯು ಎಳೆಯುತ್ತದೆ, ಕಾಲು ಒಳಕ್ಕೆ ವಾಲುತ್ತದೆ. ಹಾಗಾದರೆ ಯಂತ್ರ ನಿಲ್ಲಿಸಿ ಪ್ಯಾಡನ್ನು ಒಂದು ಬೆರಳು ಹೊರಕ್ಕೆ ಸರಿಸಿ. ಚಾಲೂ ಇದ್ದಾಗ ಪ್ಯಾಡ್ ಕೀಳುವುದು ಸರ್ವಥಾ ಬೇಡ.

ಕೂರುವ ಭಂಗಿ: ಗಟ್ಟಿ ಕುರ್ಚಿಯಲ್ಲಿ ಬೆನ್ನು ಆನಿಸಿ, ಮೊಣಕಾಲು ಸುಮಾರು 60 ಡಿಗ್ರಿ ಮಡಿಚಿ, ಹಿಮ್ಮಡಿಯ ಮೇಲ್ಭಾಗವನ್ನು ಟವೆಲಿನಿಂದ ಕುರ್ಚಿಯ ಕಾಲಿಗೆ ಕಟ್ಟಿ. ಕರೆಂಟ್ ಬಂದಾಗ ಕಾಲು ಮೇಲೇಳಲು ನೋಡುತ್ತದೆ, ಟವೆಲ್ ತಡೆಯುತ್ತದೆ. ಆ ತಡೆಯಲ್ಲೇ ಶಕ್ತಿ ಬೆಳೆಯುವುದು. ಮಡಿಚಿದರೆ ಚಿಪ್ಪಿನ ಹಿಂದೆ ನೋವು ಬರುವವರು ಕಾಲು ಚಾಚಿ, ಟವೆಲ್ ಸುರುಳಿ ಒತ್ತುವ ಭಂಗಿಯಲ್ಲೇ ಮಾಡಲಿ.

ಪ್ರಮಾಣ ಎಷ್ಟು? ಮಿಲಿಆಂಪಿಯರ್ ಲೆಕ್ಕ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ, ತೊಡೆಯ ಕೊಬ್ಬು ದಪ್ಪವಿದ್ದವರಿಗೆ ಹೆಚ್ಚು ಬೇಕು. ಕಣ್ಣನ್ನೇ ಅಳತೆ ಮಾಡಿಕೊಳ್ಳಿ: ಚಿಪ್ಪು ಮೇಲಕ್ಕೆ ಜಗ್ಗಿ, ತೊಡೆ ಕಲ್ಲಿನ ಹಾಗೆ ಗಟ್ಟಿಯಾಗಬೇಕು. ಜುಮುಜುಮುಗೇ ನಿಲ್ಲಿಸಿದರೆ ಇಡೀ ಕಾಲು ಗಂಟೆ ವ್ಯರ್ಥ. ಸ್ನಾಯುವಿಗೆ ಕರೆಂಟ್ ಬೇಗ ರೂಢಿಯಾಗುವುದರಿಂದ ಎರಡು ಮೂರು ಬಿಗಿತಕ್ಕೊಮ್ಮೆ, ತಾಳುವಷ್ಟರ ಮಟ್ಟಿಗೆ, ಒಂದೊಂದು ಹಂತ ಏರಿಸುತ್ತಾ ಹೋಗಿ. ಮೊದಲ ಎರಡು ದಿನ ಸ್ವಲ್ಪದರಲ್ಲೇ ನಿಲ್ಲಿಸಿ, ಇಲ್ಲವಾದರೆ ಮೂರನೆಯ ದಿನ ತೊಡೆ ಹಿಡಿದುಕೊಂಡು ನಡೆಯಬೇಕಾಗುತ್ತದೆ. ಮೊದಲ ಸಲ ಪ್ಯಾಡಿನ ಜಾಗವನ್ನು ಫಿಜಿಯೋ ಕೈಯಿಂದ ಗುರುತು ಮಾಡಿಸಿಕೊಂಡರೆ ಒಳ್ಳೆಯದು. ಚಾರ್ಜಿಗೆ ಹಾಕಿದ ಯಂತ್ರವನ್ನು ಮೈಗೆ ಹಚ್ಚಬೇಡಿ.

ಪ್ರಶ್ನೆ: ಮೊದಲ ವಾರ ಛಲೋ ಇತ್ತು. ಈಗ ಪ್ಯಾಡ್ ಹಚ್ಚಿದ್ರ ಚೇಳು ಕಡದಂಗ ಉರೀತದ, ಅಂಚು ಕೆಂಪಾಗ್ತದ. ನಾವು ಮೊದಲು ಔಡಲೆಣ್ಣಿ ತಿಕ್ಕಿ ಆಮ್ಯಾಲ ಹಚ್ತೀವಿ.
— ಶಹಾಬಾದ್‌ನ ಓದುಗರು

ಉತ್ತರ: ಎಣ್ಣೆಯೇ ಕಾರಣ, ಅದರ ಜೊತೆಗೆ ನಮ್ಮ ಹವೆ. ಎಣ್ಣೆ ಕರೆಂಟನ್ನು ಹಾಯಗೊಡುವುದಿಲ್ಲ. ಎಣ್ಣೆ ಇಲ್ಲದ ಚೂರುಪಾರು ಜಾಗ ಹುಡುಕಿಕೊಂಡು ಅಷ್ಟೂ ಕರೆಂಟ್ ಅಲ್ಲೇ ನುಗ್ಗುತ್ತದೆ, ಚೇಳು ಕಡಿದಂತಾಗುವುದು ಅದಕ್ಕೆ. ಎಣ್ಣೆ ತಿಕ್ಕುವುದಿದ್ದರೆ ಕರೆಂಟ್ ಮುಗಿದ ಮೇಲೆ ತಿಕ್ಕಿ.

ಪ್ಯಾಡನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಹೊಸದರ ಅಂಟು ಮಂಜಾಗಿ, ಬೆರಳಿಟ್ಟರೆ ತಣ್ಣಗೆ ಹತ್ತಿಕೊಳ್ಳುತ್ತದೆ. ಹಳೆಯದರಲ್ಲಿ ಕೂದಲು, ಸತ್ತ ಚರ್ಮದ ಹೊಟ್ಟು, ಬಟ್ಟೆಯ ಎಳೆ ಕೂತು ಅಂಟು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಅಂಚು ಒಣಗಿ ಮೇಲಕ್ಕೆ ಸುರುಳಿಕೊಂಡಿರುತ್ತದೆ. ಅಂಚು ಎದ್ದ ಪ್ಯಾಡಿನಲ್ಲಿ ಚರ್ಮಕ್ಕೆ ತಾಗುವ ಜಾಗ ಅರ್ಧಕ್ಕೆ ಇಳಿದಿರುತ್ತದೆ, ಕರೆಂಟ್ ಮಾತ್ರ ಅಷ್ಟೇ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ತೆರೆದಿಟ್ಟ ಪ್ಯಾಡ್ ಒಂದು ಮಧ್ಯಾಹ್ನದಲ್ಲೇ ಒಣಗಿ ಹೋಗುತ್ತದೆ. ಮುಗಿದ ಕೂಡಲೇ ಅದರ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಜಿಪ್ ಚೀಲಕ್ಕೆ ಹಾಕಿ, ತಂಪು ಜಾಗದಲ್ಲಿಡಿ. ಅಂಟು ಕಡಿಮೆಯಾದರೆ ಒಂದೆರಡು ಹನಿ ಶುದ್ಧ ನೀರು ಬೆರಳಿನಿಂದ ಸವರಿ ಹತ್ತು ನಿಮಿಷ ಬಿಡಿ. ಆಗಲೂ ಹತ್ತದಿದ್ದರೆ ಎಸೆಯಿರಿ. ಟೇಪ್ ಸುತ್ತಿ ಕೂರಿಸುವುದು ಬೇಡ, ಸುಟ್ಟ ಗಾಯಗಳಾಗುವುದು ಹಾಗೆ.

ಹಚ್ಚುವ ಮುಂಚೆ ತೊಡೆಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿ. ಕೂದಲು ಹೆಚ್ಚಿದ್ದರೆ ಕತ್ತರಿಯಿಂದ ಕತ್ತರಿಸಿ, ಬ್ಲೇಡ್ ಆಡಿಸಬೇಡಿ, ಕಾಣದ ಗೀರುಗಳಲ್ಲಿ ಉರಿ ಹತ್ತುತ್ತದೆ. ತೆಗೆದ ಮೇಲೆ ನಸುಗೆಂಪು ಸಹಜ, ಒಂದು ಗಂಟೆಯೊಳಗೆ ಹೋಗಬೇಕು. ಮರುದಿನವೂ ಇದ್ದರೆ, ಗುಳ್ಳೆ ಎದ್ದರೆ ನಿಲ್ಲಿಸಿ ತೋರಿಸಿ.

ಪ್ರಶ್ನೆ: ನಮ್ಮತ್ತೆಯವರು ವ್ಯಾಯಾಮ ಒಲ್ಲೆ ಅನ್ನುತ್ತಾರೆ. ಮಲಗಿಸಿ ಕರೆಂಟ್ ಹಚ್ಚಿದರೆ ತಾನಾಗಿಯೇ ಸ್ನಾಯು ಬೆಳೆಯುತ್ತದಲ್ಲ, ಅಷ್ಟು ಸಾಲದೇ?
— ಸುರಪುರದ ಓದುಗರು

ಉತ್ತರ: ಸಾಲದು. ಕರೆಂಟ್ ಪ್ಯಾಡಿನ ಕೆಳಗಿರುವ ಪಾಲನ್ನು ಮಾತ್ರ ಎಬ್ಬಿಸುತ್ತದೆ, ಆಳದ ನಾರುಗಳಿಗೆ ಅದು ಇಳಿಯುವುದು ಕಡಿಮೆ. ಎದ್ದು ನಿಲ್ಲುವಾಗ ಸೊಂಟ, ಪಿರ್ರೆ, ಮೀನಖಂಡ ಎಲ್ಲ ಒಂದರ ಹಿಂದೊಂದು ಹೊಂದಿಕೊಂಡು ದುಡಿಯಬೇಕು. ಆ ಹೊಂದಾಣಿಕೆ ಕಲಿಯಬೇಕಾದದ್ದು ಮಿದುಳು.

ಆದ್ದರಿಂದ ಕರೆಂಟನ್ನೂ ಪ್ರಯತ್ನವನ್ನೂ ಒಂದೇ ಗಳಿಗೆಗೆ ಕೂಡಿಸಿ. ಕರೆಂಟ್ ಏರಲು ಶುರುವಾದ ಕ್ಷಣ ಅತ್ತೆಯವರೂ ತಾವಾಗಿ ತೊಡೆ ಬಿಗಿಯಲಿ, ಹತ್ತು ಎಣಿಸುವವರೆಗೆ ಹಿಡಿಯಲಿ, ಕರೆಂಟ್ ಇಳಿದಾಗ ಬಿಡಲಿ. ಉಸಿರು ಕಟ್ಟಬಾರದು, ರಕ್ತದೊತ್ತಡ ಏರುತ್ತದೆ. ಜೋರಾಗಿ ಎಣಿಸುತ್ತಿದ್ದರೆ ಉಸಿರು ತಾನಾಗಿ ಆಡುತ್ತದೆ. ಮೊಮ್ಮಕ್ಕಳಿಗೆ ಎಣಿಸುವ ಕೆಲಸ ಕೊಟ್ಟರೆ ಒಲ್ಲೆ ಅನ್ನುವವರೂ ಕೂರುತ್ತಾರೆ.

ಎರಡು ವಾರ ಹೀಗೆ ಮಾಡಿ, ಯಂತ್ರ ತೆಗೆದ ಕೂಡಲೇ, ಸ್ನಾಯು ಇನ್ನೂ ಎಚ್ಚರವಿರುವಾಗಲೇ ಮುಂದಿನವು. ಅಂಗಾತ ಮಲಗಿ ಒಂದು ಕಾಲು ಮಡಿಚಿ, ಇನ್ನೊಂದನ್ನು ನೆಟ್ಟಗಿಟ್ಟು ಮೊದಲು ತೊಡೆ ಬಿಗಿದು, ಆಮೇಲೆ ಒಂದು ಗೇಣಿನಷ್ಟು ಎತ್ತಿ ಐದು ಎಣಿಸಿ ಇಳಿಸುವುದು, ಹತ್ತು ಸಲ. ಎತ್ತುವಾಗ ಮೊಣಕಾಲು ತುಸು ಬಾಗಿದರೆ ಸ್ನಾಯು ಇನ್ನೂ ತಯಾರಿಲ್ಲ, ಟವೆಲ್ ಒತ್ತುವುದಕ್ಕೇ ಮರಳಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತುವುದು, ಹತ್ತು ಸಲ. ಸೊಂಟದ ಈ ಸ್ನಾಯು ಸೋತರೆ ನಡೆಯುವಾಗ ಮೊಣಕಾಲು ಒಳಕ್ಕೆ ಬೀಳುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಕುರ್ಚಿಯಿಂದ ಏಳುವುದು. ಒಂದೂವರೆ ಅಡಿ ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ. ಮೊದಲಿಗೆ ದಿಂಬು ಹಾಕಿ ಎತ್ತರಿಸಿ. ಪಾದ ಮೊಣಕಾಲಿಗಿಂತ ಹಿಂದೆ, ಮೂಗು ಪಾದದ ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ ಏಳಬೇಕು. ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನ ಇಳಿಯಬೇಕು. ಧೊಪ್ಪನೆ ಬಿದ್ದರೆ ಅರ್ಧ ವ್ಯಾಯಾಮ ಹೋಯಿತು. ಎಂಟು ಸಲದ ಎರಡು ಸುತ್ತು. ಸುಲಭವಾದಾಗ ದಿಂಬು ತೆಗೆಯಿರಿ, ಆಮೇಲೆ ಕೈಯ ಆಸರೆ ಬಿಡಿಸಿ. ನಾಲ್ಕನೆಯ ವಾರದಿಂದ, ನಿಂತಾಗ ಸಮತೋಲ ತಪ್ಪದವರು, ಪ್ಯಾಡ್ ಹಚ್ಚಿಕೊಂಡೇ ಕರೆಂಟ್ ಬಂದ ಹತ್ತು ಸೆಕೆಂಡಿನೊಳಗೆ ಒಮ್ಮೆ ಎದ್ದು ಕೂರಬಹುದು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ನೆಲ ಶಹಾಬಾದ್ ಫರ್ಸಿಯದಾದರೆ ಕಾಲ್ಚೀಲದಲ್ಲಿ ಮಾಡಿಸಬೇಡಿ, ಒದ್ದೆ ಇದ್ದರಂತೂ ಬೇಡವೇ ಬೇಡ. ಜಾರುತ್ತದೆ.

ನೋವು ಬಂದರೆ ನಿಲ್ಲಿಸಬೇಕೆ ಎಂದು ಕೇಳುತ್ತಾರೆ. ಹತ್ತರಲ್ಲಿ ನಾಲ್ಕೈದರಷ್ಟು ನೋವು ಬಂದು, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಮರುದಿನವೂ ಏರಿಯೇ ಇದ್ದರೆ, ಬಾವು ಬಂದರೆ, ಎಣಿಕೆ ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ವ್ಯಾಯಾಮದಿಂದ ಕೀಲು ಇನ್ನಷ್ಟು ಸವೆಯುತ್ತದೆ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲಿ ಬೇರೂರಿದೆ. ಅದು ಸುಳ್ಳು, ಎಷ್ಟೋ ಹಿರಿಯರನ್ನು ಮಂಚಕ್ಕೆ ಹಚ್ಚಿದ ಸುಳ್ಳು. ಕೀಲಿನಲ್ಲಿ ಸವೆಯುವ ಮೆತ್ತನೆಯ ಪದರ, ಅಂದರೆ ಮೃದ್ವಸ್ಥಿಗೆ, ರಕ್ತನಾಳವಿಲ್ಲ. ಭಾರ ಬಿದ್ದು ತೆಗೆದಾಗ ಒಳಹೊರಗೆ ಹರಿಯುವ ಕೀಲಿನ ದ್ರವವೇ ಅದಕ್ಕೆ ಅನ್ನ.

ಪ್ರಶ್ನೆ: 38 ವರ್ಷ. ಬಿದ್ರಿ ಕೆಲಸ ಮಾಡುತ್ತೇನೆ, ದಿನಕ್ಕೆ ಎಂಟು ತಾಸು ನೆಲದ ಮೇಲೆ ಕೂಡುವುದು. ಏಳುವಾಗ ಚಿಪ್ಪಿನ ಹಿಂದೆ ಚುಚ್ಚುತ್ತದೆ. ಎಕ್ಸ್‌ರೇ ಸರಿ ಇದೆ.
— ಬೀದರ್‌ನ ಓದುಗರು

ಉತ್ತರ: ನಿಮ್ಮದು ಸವೆತಕ್ಕಿಂತ ಹೆಚ್ಚಾಗಿ ಚಿಪ್ಪಿನ ಒತ್ತಡದ ನೋವು. ಮೊಣಕಾಲು ಆಳವಾಗಿ ಮಡಿಚಿದಷ್ಟೂ ಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ಕೆಲಸ ಬಿಡಿ ಎನ್ನುವುದು ಉತ್ತರವಲ್ಲ. ಅರ್ಧ ಅಡಿ ಎತ್ತರದ ಗಟ್ಟಿ ಮಣೆ ಹಾಕಿಕೊಂಡು ಕೂತರೆ ಮಡಿಕೆ ಸಾಕಷ್ಟು ಕಡಿಮೆಯಾಗುತ್ತದೆ. ಅರ್ಧ ತಾಸಿಗೊಮ್ಮೆ ಒಂದೊಂದು ಕಾಲು ಚಾಚಿ ತೊಡೆ ಬಿಗಿದು ಬಿಡಿ, ಹತ್ತು ಸಲ, ಕೈಯ ಕೆಲಸ ನಿಲ್ಲಿಸಬೇಕಿಲ್ಲ. ಕರೆಂಟ್ ಹಚ್ಚುವುದಾದರೆ ಕಾಲು ಚಾಚಿಯೇ ಹಚ್ಚಿ, ಮಡಿಚಿ ಕಟ್ಟುವ ಭಂಗಿ ನಿಮಗೆ ಬೇಡ. ನಿಮಗೆ ಹೆಚ್ಚು ಫಲ ಕೊಡುವುದು ಪಕ್ಕಕ್ಕೆ ಮಲಗಿ ಕಾಲೆತ್ತುವ ಸೊಂಟದ ವ್ಯಾಯಾಮ. ರೊಟ್ಟಿ ಬಡಿಯಲು ಒಲೆ ಮುಂದೆ ಕೂಡುವ ಹೆಣ್ಣುಮಕ್ಕಳಿಗೂ ಇದೇ ಮಾತು. ಒಲೆಯನ್ನು ಕಟ್ಟೆಗೆ ಏರಿಸಲು ಆಗದಿದ್ದರೆ ಮಣೆಯನ್ನಾದರೂ ಏರಿಸಿ.

ಪ್ರಶ್ನೆ: ಸೊಲ್ಲಾಪುರದಾಗ ಮೊಣಕಾಲು ಬದಲಿ ಆಪರೇಷನ್ ಆಗಿ ಮೂರು ವಾರ ಆತು. ಒಳಗ ಲೋಹ ಅದ. ಕರೆಂಟ್ ಹಚ್ಚಿದ್ರ ಅಪಾಯ ಅದೇನು?
— ಕಲಬುರಗಿಯ ಓದುಗರು

ಉತ್ತರ: ಸ್ನಾಯುವಿನ ಕರೆಂಟಿಗೆ ಒಳಗಿನ ಲೋಹ ಅಡ್ಡಿಯಲ್ಲ. ಅಡ್ಡಿ ಇರುವುದು ಎಸ್‌ಡಬ್ಲ್ಯುಡಿ ಎಂಬ ಶಾಖದ ಯಂತ್ರಕ್ಕೆ, ಅದು ಲೋಹವನ್ನು ಕಾಯಿಸುತ್ತದೆ. ಎರಡನ್ನೂ ಜನ ಕರೆಂಟ್ ಎಂದೇ ಕರೆಯುವುದರಿಂದ ಈ ಗೊಂದಲ. ನಿಜಕ್ಕೂ ಸ್ನಾಯುವಿನ ಕರೆಂಟಿಗೆ ಅತಿ ಗಟ್ಟಿ ಆಧಾರ ಇರುವುದು ನಿಮ್ಮಂಥವರಲ್ಲೇ. ಈ ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ತೊಡೆಯ ಶಕ್ತಿ ಬಹಳ ಕುಸಿಯುತ್ತದೆ, ಮಿದುಳಿನ ಆಜ್ಞೆ ತಲುಪುವುದಿಲ್ಲ. ಅಮೆರಿಕದ ಫಿಜಿಯೋಥೆರಪಿ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿ ಮೊಣಕಾಲು ಬದಲಿ ಆದವರಿಗೆ ಇದನ್ನು ಬಳಸಬೇಕೆಂದೇ ಹೇಳುತ್ತದೆ. ಹೊಲಿಗೆ ಪೂರ್ತಿ ಕೂಡಿರಬೇಕು, ಕೆಳಗಿನ ಪ್ಯಾಡ್ ಗಾಯದ ಗೆರೆಯಿಂದ ಮೂರು ಬೆರಳು ದೂರವಿರಬೇಕು, ಆಪರೇಷನ್ ಮಾಡಿದ ವೈದ್ಯರ ಒಪ್ಪಿಗೆ ಬೇಕು. ಮೀನಖಂಡ ಊದಿ ಬಿಗಿದು ನೋಯುತ್ತಿದ್ದರೆ ಪ್ಯಾಡ್ ಮುಟ್ಟಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ 12 ವರ್ಷದಿಂದ ಸಕ್ಕರೆ ಕಾಯಿಲೆ. ನಮ್ಮ ಯಜಮಾನರಿಗೆ ಪೇಸ್‌ಮೇಕರ್ ಇದೆ. ಇಬ್ಬರಿಗೂ ಮೊಣಕಾಲು ನೋವು. ಒಂದೇ ಯಂತ್ರ ತರಿಸಬಹುದೇ?
— ಯಾದಗಿರಿಯ ಓದುಗರು

ಉತ್ತರ: ಯಜಮಾನರಿಗೆ ಬೇಡ, ಹೃದಯದ ವೈದ್ಯರು ತಾವೇ ನೋಡಿ ಒಪ್ಪದ ಹೊರತು. ಯಂತ್ರದ ಕರೆಂಟನ್ನು ಪೇಸ್‌ಮೇಕರ್ ಹೃದಯದ ಬಡಿತವೆಂದು ತಪ್ಪು ತಿಳಿದುಕೊಳ್ಳಬಹುದು. ಅವರಿಗೆ ವ್ಯಾಯಾಮವೊಂದೇ ದಾರಿ, ಅದು ಕಡಿಮೆ ದಾರಿಯೇನಲ್ಲ.

ನಿಮಗೆ ಮೊದಲು ಒಂದು ಪರೀಕ್ಷೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಪ್ಯಾಡ್ ಕೂರುವ ಜಾಗದಲ್ಲಿ ಒಬ್ಬರು ಹತ್ತಿ ಮತ್ತು ಬೆಂಕಿಕಡ್ಡಿಯ ತುದಿಯನ್ನು ಬದಲಿಸಿ ಬದಲಿಸಿ ಮುಟ್ಟಿಸಲಿ. ಯಾವುದು ಯಾವುದೆಂದು ಪ್ರತಿ ಸಲ ಹೇಳಲು ಆದರೆ ಹಚ್ಚಬಹುದು. ಗೊತ್ತಾಗದಿದ್ದರೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಸಕ್ಕರೆ ಇರುವವರ ಜೋಮು ಸಾಮಾನ್ಯವಾಗಿ ಪಾದದಿಂದ ಮೇಲಕ್ಕೆ ಏರುತ್ತದೆ, ತೊಡೆಗೆ ಅದು ಬರುವುದು ಕೊನೆಗೆ, ಆದರೂ ಪರೀಕ್ಷಿಸದೆ ಹಚ್ಚಬೇಡಿ. ಗರ್ಭಿಣಿಯರು, ಮೂರ್ಛೆ ರೋಗ ಇರುವವರು, ಆ ಕಾಲಿನಲ್ಲಿ ಗಾಯ, ಕೀವು, ಗಡ್ಡೆ ಇರುವವರು ವೈದ್ಯರನ್ನು ಕೇಳದೆ ಯಂತ್ರ ಕೊಳ್ಳಲೇಬಾರದು.

ಪ್ರಶ್ನೆ: ಇದರಿಂದ ಸವೆದ ಮೂಳೆ ಮತ್ತೆ ಬೆಳೆಯುತ್ತದೆ, ಆಪರೇಷನ್ ತಪ್ಪುತ್ತದೆ ಎಂದು ಮಾರುವವರು ಹೇಳುತ್ತಾರೆ. ನಿಜವೇ?
— ಸೇಡಂನ ಓದುಗರು

ಉತ್ತರ: ಸವೆದ ಮೃದ್ವಸ್ಥಿಯನ್ನು ಯಾವ ಕರೆಂಟೂ ಮತ್ತೆ ಬೆಳೆಸುವುದಿಲ್ಲ. ಹಾಗೆಂದು ಹೇಳಿ ಮಾರುವವರನ್ನು ಬಾಗಿಲಲ್ಲೇ ಕಳಿಸಿ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಕೀಲು ಸವೆತಕ್ಕೆ ಟೆನ್ಸ್, ಐಎಫ್‌ಟಿ, ಅಲ್ಟ್ರಾಸೌಂಡ್, ಲೇಸರ್ ಮಾತ್ರವಲ್ಲ, ಸ್ನಾಯುವಿನ ಕರೆಂಟನ್ನೂ ಕೊಡಬೇಡಿ ಎಂದಿದೆ, ಲಾಭಕ್ಕೆ ಸಾಕಷ್ಟು ಪುರಾವೆ ಇಲ್ಲವೆಂಬ ಕಾರಣಕ್ಕೆ. ಅದೇ ಮಾರ್ಗಸೂಚಿ ವ್ಯಾಯಾಮವನ್ನು ಮಾತ್ರ ಎಲ್ಲರಿಗೂ ಕೊಡಿ ಎನ್ನುತ್ತದೆ. ಹಾಗಿದ್ದೂ ಈ ಅಂಕಣದಲ್ಲಿ ಸ್ನಾಯುವಿನ ಕರೆಂಟನ್ನು ಇಷ್ಟು ವಿವರಿಸಿದ್ದು ಒಂದೇ ಗುಂಪಿಗಾಗಿ: ತೊಡೆ ಬಿಗಿಯಲು ಬಾರದೆ ವ್ಯಾಯಾಮವನ್ನೇ ಶುರು ಮಾಡಲಾಗದವರಿಗಾಗಿ. ಅವರಿಗೆ ಅದು ಊರುಗೋಲು, ಕೆಲವು ವಾರಗಳ ಮಟ್ಟಿಗೆ. ಉಳಿದವರ ದುಡ್ಡು ಒಳ್ಳೆಯ ಕುರ್ಚಿಗೆ, ಮೆಟ್ಟಿಲಿನ ಕೈಹಿಡಿಗೆ, ಬಚ್ಚಲಲ್ಲಿ ಕಮೋಡಿಗೆ ಹೋಗಲಿ. ತೂಕ ಹೆಚ್ಚಿದ್ದರೆ ಅದನ್ನೂ ಇಳಿಸಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ.

ಪ್ರಶ್ನೆ: ನಿನ್ನೆಯಿಂದ ಮೊಣಕಾಲು ಒಮ್ಮಿಂದೊಮ್ಮೆಲೆ ಊದಿ ಬಿಸಿಯಾಗಿದೆ, ಜ್ವರವೂ ಇದೆ. ಕರೆಂಟ್ ಹಚ್ಚಲೇ?
— ಗುರುಮಠಕಲ್‌ನ ಓದುಗರು

ಉತ್ತರ: ಬೇಡ. ನಿಮ್ಮ ಪತ್ರ ಬಂದ ದಿನವೇ ಮರುಪತ್ರ ಬರೆದಿದ್ದೇವೆ, ಇತರರಿಗಾಗಿ ಇಲ್ಲಿ ಮತ್ತೆ. ಬಿಸಿ, ಬಾವು, ಜ್ವರ ಮೂರೂ ಒಟ್ಟಿಗಿದ್ದರೆ ಕೀಲಿನಲ್ಲಿ ಕೀವು ತುಂಬಿರಬಹುದು. ಅದು ಕೆಲವೇ ದಿನಗಳಲ್ಲಿ ಕೀಲನ್ನು ತಿಂದುಹಾಕುತ್ತದೆ. ಅಂದೇ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಬೇಕು, ರಾತ್ರಿಯಾದರೆ ತುರ್ತು ವಿಭಾಗಕ್ಕೆ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೊಣಕಾಲು ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ ಕೂಡ ಹೀಗೆಯೇ.

ಪ್ರಶ್ನೆ: ಆರು ವಾರದಿಂದ ಕರೆಂಟ್, ವ್ಯಾಯಾಮ ಎರಡೂ ಮಾಡುತ್ತಿದ್ದೇನೆ, ವಯಸ್ಸು 61. ಗುಣವಾಗುತ್ತಿದೆ ಅನಿಸುತ್ತದೆ, ಆದರೆ ಖಾತ್ರಿಯಿಲ್ಲ. ಯಂತ್ರ ಯಾವಾಗ ಬಿಡಬೇಕು?
— ಚಿತ್ತಾಪುರದ ಓದುಗರು

ಉತ್ತರ: ಅನಿಸಿಕೆ ಬಿಟ್ಟು ಎಣಿಸಿ, ತಾಯಿ. 17 ಇಂಚಿನ ಕುರ್ಚಿಯಲ್ಲಿ ಕೈಗಳನ್ನು ಎದೆಗೆ ಕಟ್ಟಿ ಕೂತು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಮನೆಯವರು ಎಣಿಸಲಿ. 60ರಿಂದ 64 ವಯಸ್ಸಿನ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಶಕ್ತಿ ಕಡಿಮೆ ಎಂದು ಲೆಕ್ಕ. ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಆ ಅಂಕಿ ಬರೆದು, ಎರಡು ವಾರಕ್ಕೊಮ್ಮೆ ಅದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ ಮತ್ತೆ ನೋಡಿ. ಜೊತೆಗೆ ಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ ಟೇಪಿನಿಂದ ಬರೆದಿಡಿ. ಸುತ್ತಳತೆ ನಿಧಾನ ಬದಲಾಗುತ್ತದೆ, ಎಣಿಕೆ ಬೇಗ ಏರುತ್ತದೆ. ಮೊದಲ ವಾರಗಳಲ್ಲಿ ಸುಧಾರಿಸುವುದು ನರದ ಆಜ್ಞೆ, ಸ್ನಾಯು ದಪ್ಪವಾಗುವುದು ಆಮೇಲೆ.

ಯಂತ್ರ ಬಿಡಲು ಗುರುತು ಇದು: ಕರೆಂಟ್ ಇಲ್ಲದೆಯೇ ಟವೆಲ್ ಒತ್ತಿದಾಗ ಚಿಪ್ಪು ಚೆನ್ನಾಗಿ ಏರಬೇಕು, ಕಾಲೆತ್ತಿದಾಗ ಮೊಣಕಾಲು ಬಾಗಬಾರದು. ಎರಡೂ ಆಯಿತೆಂದರೆ ಒಂದು ವಾರ ದಿನ ಕಡಿಮೆ ಮಾಡಿ, ಆಮೇಲೆ ನಿಲ್ಲಿಸಿ. ಎಂಟು ವಾರ ಸರಿಯಾಗಿ ಮಾಡಿಯೂ ಕುರ್ಚಿಯ ಎಣಿಕೆ ಏರದಿದ್ದರೂ ನಿಲ್ಲಿಸಿ. ಆಗ ನೋವಿನ ಮೂಲ ಬೇರೆ ಇರಬಹುದು. ಸೊಂಟದ ಕೀಲಿನ ತೊಂದರೆ ಮೊಣಕಾಲಿನಲ್ಲಿ ನೋಯುವುದುಂಟು. ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆ ಬೇಕು.

ವ್ಯಾಯಾಮ ವಾರಕ್ಕೆ ಮೂರು ದಿನ ನಡೆಯುತ್ತಿರಲಿ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿಕೊಳ್ಳಿ. ಯಂತ್ರ ಎತ್ತಿಡುವಾಗ ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ತಂತಿಗೆ ಕಿಲುಬು ಹತ್ತುತ್ತದೆ. ಇನ್ನೊಬ್ಬರಿಗೆ ಕೊಡುವುದಾದರೆ ಯಂತ್ರ ಕೊಡಿ, ಬಳಸಿದ ಪ್ಯಾಡ್ ಕೊಡಬೇಡಿ.